ಅವರ ಮುಂದೆ ನಾನೇನು ನುಡಿಸ್ಲಿ?

"ಬೆಳಿಗ್ಗೆ ತರಕಾರಿ ಹೆಚ್ಚುವಾಗ ಬೆರಳು ಕುಯ್ಕೊಂಡ್ಬಿಟ್ಟೆ ಕಣೇ, ಇವತ್ತು ನುಡಿಸೋಕಾಗಲ್ಲ..."

ನಮ್ಮ ಅಪಾರ್ಟ್‌ಮೆಂಟಿನ ಗಣೇಶೋತ್ಸವದ ಸಂಜೆ ಗೆಳತಿ ಹೀಗೆ ಹೇಳಿ, ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದುಬಿಟ್ಟಳು. ಬೆರಳಿಗೆ ಪಟ್ಟಿಯೂ ಸುತ್ತಿತ್ತು. ಆ ಪಟ್ಟಿಯ ಕೆಳಗೆ ಗಾಯವೇ ಇರಲಿಲ್ಲ ಎಂದು ನನಗೆ ಗೊತ್ತಾದದ್ದು ಎರಡು ತಿಂಗಳ ನಂತರ!

ನಡೆದದ್ದಿಷ್ಟು. ಮಗ ಇಂಜಿನಿಯರಿಂಗ್ ಸೇರಿ ಹಾಸ್ಟೆಲ್‌ಗೆ ಹೋದ ಮೇಲೆ ಅವನ ಗಿಟಾರ್ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಒರೆಸಲು ಹೋದವಳು ಸುಮ್ಮನೆ ತಂತಿ ಮೀಟಿದಳು. ಮುಂದಿನ ವಾರ, ನಲವತ್ತೆರಡನೇ ವಯಸ್ಸಿನಲ್ಲಿ, ಕ್ಲಾಸಿಗೆ ಸೇರಿಯೇಬಿಟ್ಟಳು. ಒಂದೂವರೆ ವರ್ಷದಲ್ಲಿ ಬೆರಳ ತುದಿ ಜಡ್ಡುಗಟ್ಟಿತು, ಎರಡು ಹಾಡು ಕೈಗೆ ಹತ್ತಿತು. ಧೈರ್ಯ ಮಾಡಿ ಹಬ್ಬದ ಕಾರ್ಯಕ್ರಮಕ್ಕೆ ಹೆಸರು ಕೊಟ್ಟಳು. ಆದರೆ ಅವಳ ಸರದಿಗೆ ಹತ್ತು ನಿಮಿಷ ಮೊದಲು ಮೂರನೇ ಮಹಡಿಯ ಕಾಲೇಜು ಹುಡುಗ ವೇದಿಕೆಯ ಪಕ್ಕ ಕೂತು, ಕೈ ಸಡಿಲಾಗಲೆಂದು ತನ್ನ ಗಿಟಾರ್ ನುಡಿಸತೊಡಗಿದ. ಎರಡೇ ನಿಮಿಷ. ಬೆರಳುಗಳು ತಂತಿಯ ಮೇಲೆ ಓಡಿದ್ದು ನೋಡಿ ಇವಳ ಕೈ ತಣ್ಣಗಾಯಿತು.

ಆಮೇಲೆ ಗಿಟಾರ್ ಅಟ್ಟ ಸೇರಿತು. "ನುಡಿಸೋದೇ ಇಲ್ಲ ಅಂದ್ಮೇಲೆ ಫೀಸ್ ಯಾಕೆ ಕಟ್ಟೋದು?" ಎಂದು ಯಜಮಾನರು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇವಳ ಹತ್ತಿರ ಉತ್ತರವೂ ಇರಲಿಲ್ಲ.

ನಿಮಗೂ ಹೀಗಾಗಿದೆಯೇ? ಗಿಟಾರೇ ಆಗಬೇಕಿಲ್ಲ. ಸಂಕ್ರಾಂತಿಯ ದಿನ ಎದುರು ಮನೆಯ ರಂಗೋಲಿ ನೋಡಿದ ಮೇಲೆ ನಮ್ಮದನ್ನು ಅಳಿಸಿಬಿಡೋಣ ಅನ್ನಿಸುವುದಿಲ್ಲವೇ? ಕೈ ಪಳಗಿದ ಹಿರಿಯರೊಬ್ಬರು ಪಕ್ಕದಲ್ಲಿ ನಿಂತಾಗಲೇ ಒಬ್ಬಟ್ಟು ಹಂಚಿನ ಮೇಲೆ ಹರಿಯುವುದಿಲ್ಲವೇ? ಇದೂ ಹಾಗೆಯೇ.

ಕಿವಿ ಮುಂದೆ, ಕೈ ಹಿಂದೆ

ಗಿಟಾರ್ ಕಲಿಯುವ ಮೊದಲ ತಿಂಗಳಲ್ಲಿ ಯಾರು ನುಡಿಸಿದರೂ ಚೆನ್ನಾಗಿಯೇ ಕೇಳಿಸುತ್ತದೆ. ನಮ್ಮದು ಕೂಡ! ಆರು ತಂತಿಯಿಂದ ಏನೋ ಒಂದು ನಾದ ಬಂದರೆ ಸಾಕು, ಖುಷಿಯೋ ಖುಷಿ. ವರ್ಷ ಕಳೆದ ಮೇಲೆ ಕಥೆ ಬೇರೆ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಆಗುವ ಸಣ್ಣ ತಡೆ, ಸರಿಯಾಗಿ ಒತ್ತದ ತಂತಿಯ 'ಟಪ್' ಶಬ್ದ, ತಾಳ ಒಂದಿಷ್ಟು ಓಡಿದ್ದು... ಎಲ್ಲವೂ ಕಿವಿಗೆ ಬೀಳತೊಡಗುತ್ತವೆ. ಅಂದರೆ ಕಿವಿ ಬೆಳೆದಿದೆ, ಕೈ ಇನ್ನೂ ಹಿಂದಿದೆ.

ನಮಗಿಂತ ಚೆನ್ನಾಗಿ ನುಡಿಸುವವರು ಎದುರಾದಾಗ ಆಗುವ ಸಂಕಟದಲ್ಲಿ ದೊಡ್ಡ ಪಾಲು ಇದೇ. ಗಿಟಾರ್ ಮುಟ್ಟದವರು ಆ ಹುಡುಗನನ್ನು ನೋಡಿ "ಚೆನ್ನಾಗಿದೆ" ಎಂದು ಚಪ್ಪಾಳೆ ತಟ್ಟಿ ಸುಮ್ಮನಾಗುತ್ತಾರೆ. ಅವನು ಮಾಡುತ್ತಿರುವುದು ಎಷ್ಟು ಕಷ್ಟ ಎಂದು ತಿಳಿಯುವುದು ಸ್ವಲ್ಪವಾದರೂ ಕಲಿತವರಿಗೆ ಮಾತ್ರ. ಹಾಗಾಗಿ ಗೆಳತಿಯ ಕೈ ತಣ್ಣಗಾಗಿದ್ದು ಅವಳಿಗೆ ಏನೂ ಬರುವುದಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಬರತೊಡಗಿದೆ ಎಂಬುದಕ್ಕೆ ಸಾಕ್ಷಿ!

ಮೆಚ್ಚುಗೆ, ಹೊಟ್ಟೆಕಿಚ್ಚು, ನಾಚಿಕೆ, 'ನಾಳೆಯಿಂದ ನಾನೂ ಹೀಗೇ ಅಭ್ಯಾಸ ಮಾಡ್ಬೇಕು' ಎಂಬ ಹುರುಪು, 'ಇದೆಲ್ಲ ನನ್ ಕೈಲಾಗಲ್ಲ' ಎಂಬ ಬೇಸರ... ಇವೆಲ್ಲ ಒಂದೇ ಗಳಿಗೆಯಲ್ಲಿ ಬರುವುದೂ ಉಂಟು. ಯಾವುದೂ ತಪ್ಪಲ್ಲ. ಕೊನೆಯದರ ಮಾತು ಕೇಳಿ ಗಿಟಾರನ್ನು ಅಟ್ಟಕ್ಕೆ ಹಾಕುವುದು ಮಾತ್ರ ನಷ್ಟ.

ದೊಡ್ಡವರಿಗೂ ತಪ್ಪಿದ್ದಲ್ಲ

ಇಂಗ್ಲೆಂಡಿನ ಎರಿಕ್ ಕ್ಲಾಪ್ಟನ್ ಹೆಸರು ಕೇಳಿರಬಹುದು. 1960ರ ದಶಕದಲ್ಲಿ ಲಂಡನ್ನಿನಲ್ಲಿ 'ಕ್ಲಾಪ್ಟನ್ ದೇವರು' ಎಂದು ಅಭಿಮಾನಿಗಳು ಗೋಡೆಯ ಮೇಲೆ ಬರೆದಿದ್ದರು! 1966ರ ಅಕ್ಟೋಬರ್ 1ರಂದು ಲಂಡನ್ನಿನ ಪಾಲಿಟೆಕ್ನಿಕ್ ಒಂದರಲ್ಲಿ ಅವರ 'ಕ್ರೀಮ್' ತಂಡದ ಕಾರ್ಯಕ್ರಮ. ಅಮೆರಿಕದಿಂದ ಆಗಷ್ಟೇ ಬಂದಿದ್ದ, ಅಲ್ಲಿ ಹೆಚ್ಚಿನವರಿಗೆ ಹೆಸರೂ ಗೊತ್ತಿರದ ಜಿಮಿ ಹೆಂಡ್ರಿಕ್ಸ್ ಎಂಬ ಯುವಕ ಒಂದು ಹಾಡಿಗೆ ಜೊತೆಗೂಡಲು ಅವಕಾಶ ಕೇಳಿದ. ಕೊಟ್ಟರು. ಅವನ ವೇಗ, ಕೈಚಳಕ ನೋಡಿ ದಂಗಾದ ಕ್ಲಾಪ್ಟನ್ ಹಾಡಿನ ನಡುವೆಯೇ ನುಡಿಸುವುದನ್ನು ನಿಲ್ಲಿಸಿ ವೇದಿಕೆಯಿಂದ ಒಳಗೆ ಹೋಗಿಬಿಟ್ಟರು.

ನಮ್ಮ ಗೆಳತಿ ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ವ್ಯತ್ಯಾಸ ಇರುವುದು ಆಮೇಲಿನದ್ದರಲ್ಲಿ. ಕ್ಲಾಪ್ಟನ್ ಗಿಟಾರ್ ಬಿಡಲಿಲ್ಲ. ಹೆಂಡ್ರಿಕ್ಸ್ ಜೊತೆ ಸ್ನೇಹ ಬೆಳೆಸಿದರು. 1970ರಲ್ಲಿ ಹೆಂಡ್ರಿಕ್ಸ್ ತೀರಿಕೊಂಡ ನಂತರವೂ ದಶಕಗಳ ಕಾಲ ನುಡಿಸಿದರು. 1993ರಲ್ಲಿ 'ಅನ್‌ಪ್ಲಗ್ಡ್' ಆಲ್ಬಮ್‌ಗೆ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು.

ಗೋಡೆಯ ಮೇಲಿದ್ದ ಗಿಟಾರ್

"ಅವರೆಲ್ಲ ವೃತ್ತಿಯವರು ಬಿಡಿ, ಮನೆಕೆಲಸದ ಮಧ್ಯೆ ನಮಗೆಲ್ಲಿ?" ಅನ್ನುತ್ತೀರಾ? ಹಾಗಾದರೆ ಎಲಿಜಬೆತ್ ಕಾಟನ್ ಕಥೆ ಕೇಳಿ.

ಅಮೆರಿಕದ ನಾರ್ತ್ ಕೆರೊಲಿನಾದ ಬಡ ಕರಿಯ ಕುಟುಂಬದ ಹುಡುಗಿ. ಬೇರೆಯವರ ಮನೆಗೆಲಸ ಮಾಡಿ ಕೂಡಿಟ್ಟ ದುಡ್ಡಿನಲ್ಲಿ ಗಿಟಾರ್ ಕೊಂಡಳು. ಎಡಗೈ ಅಭ್ಯಾಸದವಳಾದ್ದರಿಂದ ಗಿಟಾರನ್ನು ತಲೆಕೆಳಗಾಗಿ ಹಿಡಿದು ತಾನೇ ಕಲಿತಳು. ಚಿಕ್ಕ ವಯಸ್ಸಿನಲ್ಲೇ ಮದುವೆ, ಮಗು. 'ಚರ್ಚಿಗೆ ಹೋಗುವವರಿಗೆ ಇಂಥ ಹಾಡುಗಳು ಸಲ್ಲ' ಎಂಬ ಹಿರಿಯರ ಮಾತು ಬೇರೆ. ಗಿಟಾರ್ ಬಿಟ್ಟೇಹೋಯಿತು. ಒಂದೆರಡು ವರ್ಷವಲ್ಲ, ದಶಕಗಳೇ ಕಳೆದವು.

ಮುಂದೆ ಆಕೆ ವಾಷಿಂಗ್ಟನ್‌ನಲ್ಲಿ ಸೀಗರ್ ಎಂಬವರ ಮನೆಯಲ್ಲಿ ಕೆಲಸಕ್ಕೆ ಸೇರಿದರು. ಆ ಮನೆಯ ಯಜಮಾನರು ಸಂಗೀತ ವಿದ್ವಾಂಸ, ಯಜಮಾನಿ ಸಂಗೀತ ಸಂಯೋಜಕಿ, ಮಕ್ಕಳ ಕೈಯಲ್ಲೂ ವಾದ್ಯಗಳು. ಅಂಥ ಮನೆಯ ಗೋಡೆಯಲ್ಲಿ ತೂಗುಹಾಕಿದ್ದ ಗಿಟಾರನ್ನು ಕೆಲಸದ ನಡುವೆ ಇಳಿಸಿ ಆಕೆ ನುಡಿಸತೊಡಗಿದರು. ಮನೆಯವರು ಬೆರಗಾದರು. 1958ರಲ್ಲಿ, ಅರವತ್ತು ದಾಟಿದ ಮೇಲೆ, ಅವರ ಮೊದಲ ಆಲ್ಬಮ್ ಹೊರಬಂತು. 1985ರಲ್ಲಿ ಗ್ರ್ಯಾಮಿ ಬಂತು. ಅವರ ತಲೆಕೆಳಗಿನ ಶೈಲಿಗೆ 'ಕಾಟನ್ ಪಿಕಿಂಗ್' ಎಂಬ ಹೆಸರೇ ಬಿತ್ತು. 'ಇಷ್ಟು ತಿಳಿದವರ ಮನೇಲಿ ನಾನೇನು ನುಡಿಸ್ಲಿ' ಎಂದು ಸುಮ್ಮನೆ ಧೂಳು ಒರೆಸಿ ಹೋಗಿದ್ದರೆ?

ನಿಮಗಿಂತ ಬಲ್ಲವರು ಎದುರಾದಾಗ...

* ಎಲ್ಲವನ್ನೂ ನೋಡಬೇಡಿ, ಒಂದನ್ನು ನೋಡಿ: ಅವರ ವೇಗ ನೋಡುತ್ತಾ ಕೂತರೆ ಬರೀ ದಿಗಿಲು. ಎಡಗೈ ಹೆಬ್ಬೆರಳು ಎಲ್ಲಿದೆ, ಬೆರಳು ತಂತಿಯಿಂದ ಎಷ್ಟು ಮೇಲೇಳುತ್ತದೆ ಎಂದು ಗಮನಿಸಿ. ಚೆನ್ನಾಗಿ ನುಡಿಸುವವರ ಬೆರಳು ತಂತಿಯಿಂದ ಹೆಚ್ಚು ದೂರ ಹೋಗುವುದಿಲ್ಲ. ಇದು ನಾಳೆಯೇ ನೀವೂ ಅಭ್ಯಾಸ ಮಾಡಬಹುದಾದ ವಿಷಯ.

* ಸಣ್ಣ ಪ್ರಶ್ನೆ ಕೇಳಿ: "ನಿಮ್ಮ ಹಾಗೆ ನುಡಿಸೋದು ಹೇಗೆ?" ಎಂದರೆ ಅವರಿಗೂ ಉತ್ತರ ತೋಚದು. "ಎಫ್ ಕಾರ್ಡಿಗೆ ತೋರುಬೆರಳಲ್ಲಿ ಆರೂ ತಂತಿ ಒತ್ತೋಕೆ ಆಗ್ತಿಲ್ಲ, ನೀವು ಹೇಗೆ ಕಲಿತ್ರಿ?" ಎಂದು ಕೇಳಿ. ಆ ಕಾರ್ಡಿನ ಹತ್ತಿರ ಒದ್ದಾಡದ ಗಿಟಾರ್ ವಾದಕರು ಕಡಿಮೆ. ಮೊದಲು ಸಣ್ಣ ತಂತಿಗಳೆರಡನ್ನೇ ತೋರುಬೆರಳಲ್ಲಿ ಒತ್ತಿ, ನಾಲ್ಕೇ ತಂತಿಯ ಎಫ್ ಹಿಡಿದು ಕಲಿತವರು ಬೇಕಾದಷ್ಟು ಜನ ಸಿಗುತ್ತಾರೆ.

* ಕ್ಷಮೆ ಕೇಳುತ್ತಾ ಶುರು ಮಾಡಬೇಡಿ: "ನಂಗೇನೂ ಬರಲ್ಲ, ನಗಬೇಡಿ" ಎಂದರೆ ಕೇಳುವವರು ತಪ್ಪು ಹುಡುಕುತ್ತಲೇ ಕೂರುತ್ತಾರೆ. ನಡುವೆ ತಪ್ಪಿದರೂ ನಿಲ್ಲಿಸದೆ ಮುಂದೆ ಹೋಗಿ.

* ತಾಳ ಬಿಡಬೇಡಿ: ಜಿ, ಸಿ, ಡಿ, ಇ ಮೈನರ್... ಈ ನಾಲ್ಕು ಕಾರ್ಡು ಗೊತ್ತಿದ್ದರೆ ಎಷ್ಟೋ ಹಾಡಿಗೆ ಸಾಕು. ತಾಳ ತಪ್ಪದೆ ಕಾರ್ಡ್ ಹಿಡಿಯುವವರು ಎಂಥ ವಾದಕರಿಗೂ ಬೇಕು. ಮೊಬೈಲಿನಲ್ಲಿ ಮೆಟ್ರೊನೋಮ್ ಹಾಕಿಕೊಂಡು ನಿಧಾನವಾಗಿ ಅಭ್ಯಾಸ ಮಾಡಿ.

* ಹೋಲಿಕೆ ನಿಮ್ಮೊಂದಿಗೇ ಇರಲಿ: ತಿಂಗಳಿಗೊಮ್ಮೆ ಒಂದೇ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಆರು ತಿಂಗಳ ಹಿಂದಿನದನ್ನು ಕೇಳಿದಾಗ ನಿಮಗೇ ನಗು ಬಂದೀತು. ಆ ನಗುವೇ ನಿಮ್ಮ ಮಾರ್ಕ್ಸ್ ಕಾರ್ಡು.

* ಹಠಕ್ಕೆ ಬಿದ್ದು ಕೈ ಕೆಡಿಸಿಕೊಳ್ಳಬೇಡಿ: ಹೊಸಬರಿಗೆ ಬೆರಳ ತುದಿ ಉರಿಯುವುದು ಸಹಜ. ಮಣಿಕಟ್ಟು ನೋಯುವುದು, ಬೆರಳು ಜೋಮು ಹಿಡಿಯುವುದು ಸಹಜವಲ್ಲ. ನಿಲ್ಲಿಸಿ, ಕೈಗೆ ವಿಶ್ರಾಂತಿ ಕೊಡಿ. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಮೇಲು.

* ಹೀಯಾಳಿಸುವವರಿಂದ ದೂರವಿರಿ: ಎಲ್ಲ ಸಂಕೋಚವೂ ನಮ್ಮೊಳಗಿನದೇ ಅಲ್ಲ. ನಾಲ್ಕು ಜನರೆದುರು ಆಡಿಕೊಳ್ಳುವವರು ಎಷ್ಟೇ ಬಲ್ಲವರಾದರೂ ಅವರ ಸಹವಾಸ ಬೇಡ. ತಿದ್ದುವವರು ಬೇರೆ, ಚುಚ್ಚುವವರು ಬೇರೆ.

ಮತ್ತೆ ಗೆಳತಿಯ ಮನೆಗೆ

ಎರಡು ತಿಂಗಳ ನಂತರ ಒಂದು ಸಂಜೆ ನಾವಿಬ್ಬರೂ ಕಾಫಿ ಕುಡಿಯುತ್ತಾ ಕೂತಿದ್ದಾಗ ಬೆಲ್ ಆಯಿತು. ನೋಡಿದರೆ ಮೂರನೇ ಮಹಡಿಯ ಅದೇ ಹುಡುಗ! "ಆಂಟಿ, ನೀವು ಗಿಟಾರ್ ಕಲೀತಿದ್ರಲ್ಲ, ಒಂದರ್ಧ ಗಂಟೆ ಕಾರ್ಡ್ ಹಿಡೀತೀರಾ? ನಾನೊಬ್ನೇ ಲೀಡ್ ನುಡಿಸಿದ್ರೆ ಬೋಳುಬೋಳಾಗಿ ಕೇಳ್ಸುತ್ತೆ."

ಇವಳು ತಬ್ಬಿಬ್ಬಾದಳು. ಕೊನೆಗೆ ಬೆರಳ ಪಟ್ಟಿಯ ಗುಟ್ಟನ್ನು ನಮ್ಮಿಬ್ಬರೆದುರೇ ಹೇಳಿಬಿಟ್ಟಳು. ಹುಡುಗ ನಗಲಿಲ್ಲ. "ಹೋದ ವರ್ಷ ಹೊಸ ಗಿಟಾರ್ ನೋಡೋಣಾಂತ ಅಂಗಡಿಗೆ ಹೋಗಿದ್ದೆ ಆಂಟಿ. ಅಲ್ಲೊಬ್ರು ಎಂಥಾ ಚೆನ್ನಾಗಿ ನುಡಿಸ್ತಿದ್ರು ಗೊತ್ತಾ! ನಾನು ಗಿಟಾರ್ ಮುಟ್ಟಲೇ ಇಲ್ಲ. ಬೇಡದೇ ಇರೋ ಒಂದು ಸೆಟ್ ತಂತಿ ತಗೊಂಡು ಹೊರಗೆ ಬಂದ್ಬಿಟ್ಟೆ" ಅಂದ.

ಸ್ಟೂಲ್ ಹಾಕಿ ಅಟ್ಟದಿಂದ ಗಿಟಾರ್ ಇಳಿಸಿಕೊಟ್ಟವರು ಯಜಮಾನರೇ! ಮುಂದಿನ ತಿಂಗಳು ಫೀಸೂ ಕಟ್ಟಿದರು.

ಈ ಸಲದ ಹಬ್ಬಕ್ಕೆ ಇಬ್ಬರೂ ಹೆಸರು ಕೊಟ್ಟಿದ್ದಾರೆ. ಲೀಡ್ ಅವನದು, ಕಾರ್ಡ್ ಇವಳದು. ಎಫ್ ಮಾತ್ರ ಈಗಲೂ ಒಂದೊಂದು ಸಲ 'ಟಪ್' ಅನ್ನುತ್ತದಂತೆ. ಅನ್ನಲಿ ಬಿಡಿ, ಹಾಡ್ತಾ ಹಾಡ್ತಾ ರಾಗ ಅಂತ ನಮ್ಮ ಹಿರಿಯರೇ ಹೇಳಿಲ್ಲವೇ? ನಿಮ್ಮ ಮನೆಯ ಅಟ್ಟದ ಮೇಲೂ ಅರ್ಧಕ್ಕೆ ಬಿಟ್ಟ ಗಿಟಾರೋ, ವೀಣೆಯೋ, ಹಾರ್ಮೋನಿಯಮ್ಮೋ ಇದ್ದರೆ ಇವತ್ತೇ ಕೆಳಗಿಳಿಸಿ, ಧೂಳು ಒರೆಸಿ. ಒರೆಸುವಾಗ ಒಮ್ಮೆ ನುಡಿಸಿ ನೋಡಿ.