ಕೆಂಗಣ್ಣಿನ ಹಿಂದೊಂದು ಗುಟ್ಟು

ಬೆಳಗಿನ ಹೊತ್ತು ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲನ್ನು ಒಮ್ಮೆ ಹತ್ತಿ ನೋಡಿ. ಕೂರುವ ಮಾತು ಹಾಗಿರಲಿ, ನಿಲ್ಲಲು ಜಾಗ ಸಿಕ್ಕರೆ ಪುಣ್ಯ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಕುಟುಂಬಗಳಿಗೆ ಈ ರೈಲೇ ಅನ್ನದ ದಾರಿ. ದುಡಿಯಲು ಹೋಗುವವರ ನಡುವೆ ಕಾಲೇಜಿನ ಹುಡುಗ ಹುಡುಗಿಯರೂ ಇರುತ್ತಾರೆ. ಇಂಥ ಗಾಡಿಯಲ್ಲಿ ಯಾರದಾದರೂ ಕಣ್ಣು ಕೆಂಪಾಗಿದ್ದರೆ ಅಕ್ಕಪಕ್ಕದವರು ಮೆಲ್ಲನೆ ಸರಿದು ನಿಲ್ಲುತ್ತಾರೆ. ‘ಮದ್ರಾಸ್ ಐ ಇರಬೇಕು, ದೂರ ಇರಿ’ ಎನ್ನುತ್ತಾರೆ.

ಬಹುಪಾಲು ಸಂದರ್ಭಗಳಲ್ಲಿ ಆ ಊಹೆ ಸರಿಯೇ. ಆದರೆ ಕೆಂಪಾದ ಕಣ್ಣೆಲ್ಲ ಮದ್ರಾಸ್ ಐ ಅಲ್ಲ. ಆ ರೈಲಿನಲ್ಲೇ ಇಪ್ಪತ್ತರ ಹರೆಯದ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ಅವನ ಒಂದು ಕಣ್ಣು ಕೆಂಪಾಗಿ ಎರಡು ವಾರವಾಯಿತು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡ್ರಾಪ್ಸ್ ಹಾಕಿದರೆ ಸ್ವಲ್ಪ ತಗ್ಗುತ್ತದೆ, ಬಿಟ್ಟರೆ ಮತ್ತೆ ಕೆಂಪು. ಬೆಳಕು ನೋಡಿದರೆ ಚುಚ್ಚಿದಂತಾಗುತ್ತದೆ, ಬೋರ್ಡಿನ ಅಕ್ಷರ ಮಂಜಾಗಿ ಕಾಣುತ್ತದೆ. ಮನೆಯಲ್ಲಿ ಬೇರೆ ಯಾರಿಗೂ ಅಂಟಿಲ್ಲ. ಕೆಲವು ತಿಂಗಳ ಹಿಂದೆ ಅವನ ಗುಪ್ತಾಂಗದಲ್ಲಿ ನೋವಿಲ್ಲದ ಸಣ್ಣ ಹುಣ್ಣೊಂದು ಎದ್ದು ತಾನಾಗಿ ಮಾಯವಾಗಿತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಈಗಲೂ ಅದರ ನೆನಪು ಅವನಿಗಿಲ್ಲ. ಎಲ್ಲಿಯ ಹುಣ್ಣು, ಎಲ್ಲಿಯ ಕಣ್ಣು!

ಆದರೆ ಇವೆರಡಕ್ಕೂ ಸಂಬಂಧ ಇರಬಹುದು. ಅದನ್ನು ತಿಳಿಯದಿದ್ದರೆ ಕಳೆದುಕೊಳ್ಳುವುದು ದೃಷ್ಟಿಯನ್ನೇ.

ಹೊರಗಿನ ಕೆಂಪು, ಒಳಗಿನ ಕೆಂಪು

ಮದ್ರಾಸ್ ಐ ಎಂಬುದು ಕಣ್ಣಿನ ಹೊರಪೊರೆಯ ಸೋಂಕು. ಕಣ್ಣಲ್ಲಿ ಮರಳು ಬಿದ್ದಂತೆ ಕಿರಿಕಿರಿ, ನೀರು, ಗೀಜು. ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತದೆ. ಗೀಜು ಒರೆಸಿದರೆ ನೋಟ ಸಾಮಾನ್ಯವಾಗಿ ಸ್ಪಷ್ಟ. ಒಂದೆರಡು ವಾರದಲ್ಲಿ ಇದು ಹೆಚ್ಚಾಗಿ ತಾನೇ ವಾಸಿಯಾಗುತ್ತದೆ.

ಇನ್ನೊಂದು ಬಗೆ ಕಣ್ಣಿನ ಒಳಗಿನದು. ಪಾಪೆಯ ಸುತ್ತಲಿನ ಬಣ್ಣದ ಪರದೆಯಿಂದ ಹಿಡಿದು ಅಕ್ಷಿಪಟಲದ ಬೆನ್ನಿಗಿರುವ ರಕ್ತನಾಳಗಳ ಪದರದವರೆಗಿನ ಭಾಗಕ್ಕೆ ಯೂವಿಯಾ ಎಂದು ಹೆಸರು. ಇಲ್ಲಿ ಉರಿಯೂತ ಉಂಟಾದರೆ ಅದೇ ಯೂವಿಯೈಟಿಸ್. ಗೀಜು ಇರುವುದಿಲ್ಲ. ಕರಿಗುಡ್ಡೆಯ ಸುತ್ತ ಕೆಂಪು, ಒಳಗಿನಿಂದ ನೋವು, ಬೆಳಕಿಗೆ ತಡೆಯಲಾಗದಿರುವುದು, ನೋಟ ಮಂಜಾಗುವುದು, ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲುವುದು ಇದರ ಲಕ್ಷಣಗಳು. ಉರಿಯೂತ ಹಿಂಭಾಗದಲ್ಲಿದ್ದರೆ ಕೆಂಪಾಗಲೀ ನೋವಾಗಲೀ ಇಲ್ಲದೆಯೇ ದೃಷ್ಟಿ ಕುಂದಬಹುದು.

ಇದಕ್ಕೆ ಕಾರಣಗಳು ಹಲವು. ಕ್ಷಯ, ಕೀಲುವಾತ, ಕಣ್ಣಿಗೆ ಬಿದ್ದ ಪೆಟ್ಟು ಕಾರಣವಾಗಬಹುದು. ಎಷ್ಟೋ ಸಲ ಕಾರಣ ಗೊತ್ತಾಗುವುದೇ ಇಲ್ಲ. ಆದ್ದರಿಂದ ಕಣ್ಣೊಳಗೆ ಉರಿಯೂತ ಬಂದವರನ್ನೆಲ್ಲ ಅನುಮಾನದಿಂದ ನೋಡುವುದು ಶುದ್ಧ ತಪ್ಪು. ಆದರೆ ಕಾರಣಗಳ ಪಟ್ಟಿಯಲ್ಲಿ ಲೈಂಗಿಕ ರೋಗಗಳೂ ಇವೆ. ಜನ ಬಾಯಿಬಿಟ್ಟು ಹೇಳದ ಕಾರಣ ಇದೊಂದೇ.

ಹುಣ್ಣು ಮಾಯುತ್ತದೆ, ರೋಗ ಮಾಯುವುದಿಲ್ಲ

ಇವುಗಳಲ್ಲಿ ಮುಖ್ಯವಾದದ್ದು ಸಿಫಿಲಿಸ್. ಹಳಬರು ಪರಂಗಿ ಹುಣ್ಣು ಎನ್ನುತ್ತಿದ್ದ ರೋಗ. ಮೊದಲು ನೋವಿಲ್ಲದ ಒಂದು ಹುಣ್ಣು. ಔಷಧಿ ಇಲ್ಲದೆಯೂ ಕೆಲವು ವಾರಗಳಲ್ಲಿ ಅದು ಮಾಯುತ್ತದೆ. ಮುಂದೆ ಅಂಗೈ, ಅಂಗಾಲುಗಳಲ್ಲೂ ತುರಿಕೆಯಿಲ್ಲದ ಕೆಂಪು ಗುಳ್ಳೆ ಕಾಣಿಸಬಹುದು. ಅದೂ ಹೋಗುತ್ತದೆ. ‘ಎಲ್ಲ ಸರಿಹೋಯಿತು’ ಎಂದು ರೋಗಿ ನಿಟ್ಟುಸಿರು ಬಿಡುತ್ತಾನೆ. ಕೆಲಸ ನಿಂತ ಗಣಿಯ ಆಳದಲ್ಲಿ ಮೇಲಿನವರಿಗೆ ಕಾಣದಂತೆ ನೀರು ಏರುತ್ತದಲ್ಲ, ಹಾಗೆ ರೋಗಾಣು ರಕ್ತದೊಡನೆ ದೇಹವೆಲ್ಲ ಸುತ್ತುತ್ತಿರುತ್ತದೆ. ರೋಗದ ಯಾವ ಹಂತದಲ್ಲಾದರೂ ಅದು ಕಣ್ಣನ್ನು ಹೊಕ್ಕಬಹುದು.

ಸಮಾಧಾನದ ಸಂಗತಿಯೆಂದರೆ ಇದಕ್ಕೆ ಮದ್ದಿದೆ. 1943ರಿಂದ ಬಳಕೆಯಲ್ಲಿರುವ ಪೆನಿಸಿಲಿನ್ ಇಂದಿಗೂ ಇದರ ಮುಖ್ಯ ಔಷಧಿ. ರೋಗ ಕಣ್ಣಿಗೆ ಬಂದಿದ್ದರೆ ಆಸ್ಪತ್ರೆಯಲ್ಲಿ 10ರಿಂದ 14 ದಿನ ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ. ಬೇಗ ಬಂದವರ ದೃಷ್ಟಿ ಬಹುಮಟ್ಟಿಗೆ ಉಳಿಯುತ್ತದೆ. ತಡವಾದರೆ ರೋಗ ವಾಸಿಯಾದರೂ ಹೋದ ದೃಷ್ಟಿ ಮರಳದಿರಬಹುದು.

ಗೊನೊರಿಯಾ ರೋಗದ ಕೀವು ಕೈಯಿಂದ ಕಣ್ಣಿಗೆ ತಗುಲಿದರೆ ರೆಪ್ಪೆ ಊದಿ, ಕೀವು ಧಾರೆಯಾಗಿ ಸುರಿಯುತ್ತದೆ. ಕಾರ್ನಿಯಾ ತೂತಾಗಲು ಹೆಚ್ಚು ದಿನ ಬೇಕಿಲ್ಲ. ಹಾಗಾಗಿ ಇದಕ್ಕೆ ಅಂದೇ ಆಸ್ಪತ್ರೆ ಸೇರಬೇಕು. ಕ್ಲಮಿಡಿಯಾ ಸೋಂಕಿನ ಬಳಿಕ ಕೆಲವರಿಗೆ ಮೂತ್ರದ ಉರಿ, ಮಂಡಿಯ ಊತ, ಕಣ್ಣಿನ ಉರಿಯೂತ ಒಂದರ ಬೆನ್ನಿಗೊಂದು ಬರುತ್ತವೆ. ಎಚ್‌ಐವಿ ಸೋಂಕಿಗೆ ಚಿಕಿತ್ಸೆ ಪಡೆಯದೆ ರೋಗನಿರೋಧಕ ಶಕ್ತಿ ಪೂರಾ ಕುಸಿದಾಗ ಬೇರೊಂದು ವೈರಸ್ ನೋವಿಲ್ಲದೆಯೇ ಅಕ್ಷಿಪಟಲವನ್ನು ತಿಂದುಹಾಕುತ್ತದೆ. ಕ್ರಮವಾಗಿ ಮಾತ್ರೆ ನುಂಗುವವರಿಗೆ ಈ ಭಯ ಬಹಳ ಕಡಿಮೆ. ಆ ಮಾತ್ರೆಗಳನ್ನು 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿದೆ.

ಏನೂ ಅರಿಯದ ಹಸುಗೂಸನ್ನೂ ಈ ರೋಗಗಳು ಬಿಡುವುದಿಲ್ಲ. ತಾಯಿಗೆ ಗೊನೊರಿಯಾ ಇದ್ದರೆ ಹೆರಿಗೆಯ ಹೊತ್ತಿನಲ್ಲಿ ಮಗುವಿನ ಕಣ್ಣಿಗೆ ಸೋಂಕು ತಗುಲುತ್ತದೆ. 1880ರಲ್ಲಿ ಜರ್ಮನಿಯ ಲೈಪ್ಸಿಗ್ ನಗರದ ಹೆರಿಗೆ ವೈದ್ಯ ಕಾರ್ಲ್ ಕ್ರೆಡೆ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ತೊಟ್ಟು ಬಿಡುವ ಪದ್ಧತಿ ಆರಂಭಿಸಿದರು. ಅವರ ಆಸ್ಪತ್ರೆಯಲ್ಲಿ ನೂರಕ್ಕೆ ಹತ್ತರಷ್ಟು ಕೂಸುಗಳನ್ನು ಕಾಡುತ್ತಿದ್ದ ಈ ರೋಗ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಇಂದು ಗರ್ಭಿಣಿಯರಿಗೆ ಸಿಫಿಲಿಸ್ ಮತ್ತು ಎಚ್‌ಐವಿಗಾಗಿ ರಕ್ತಪರೀಕ್ಷೆ ಮಾಡುವುದೂ ಕೂಸಿನ ರಕ್ಷಣೆಗಾಗಿಯೇ. ಅದನ್ನು ಅವಮಾನವೆಂದು ಭಾವಿಸಿ ತಪ್ಪಿಸಿಕೊಳ್ಳಬಾರದು.

ಅಂಗಡಿಯ ಡ್ರಾಪ್ಸ್ ತರುವ ಆಪತ್ತು

ನಮ್ಮ ಯುವಕ ಕೇಳಿ ತಂದ ಡ್ರಾಪ್ಸ್‌ನಲ್ಲಿ ಸ್ಟಿರಾಯ್ಡ್ ಇದ್ದಿರಬಹುದು. ಅದು ಕೆಂಪನ್ನು ಅಡಗಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ಒಳಗೆ ರೋಗ ಬೆಳೆಯುತ್ತಿದ್ದರೂ ಹೊರಗೆ ವಾಸಿಯಾದಂತೆ ಕಾಣುತ್ತದೆ. ಅಷ್ಟೇ ಅಲ್ಲ, ಹೆಚ್ಚು ದಿನ ಬಳಸಿದರೆ ಗ್ಲಕೋಮಾ, ಕಣ್ಣಿನ ಪೊರೆ ಬರಬಹುದು. ವೈದ್ಯರು ಸ್ಟಿರಾಯ್ಡ್ ಕೊಡುವುದುಂಟು, ಆದರೆ ಕಾರಣ ಹುಡುಕಿ, ಅಳತೆಯಿಟ್ಟು ಕೊಡುತ್ತಾರೆ.

ಎಲ್ಲಿಗೆ ಹೋಗಬೇಕು?

ಗಣಿ ನಡೆಯುತ್ತಿದ್ದಾಗ ಕಂಪನಿಯ ಆಸ್ಪತ್ರೆ ಕಾರ್ಮಿಕ ಕುಟುಂಬಗಳಿಗೆ ಆಸರೆಯಾಗಿತ್ತು. ಇಂದು ರಾಬರ್ಟ್‌ಸನ್‌ಪೇಟೆ ಮತ್ತು ಬಂಗಾರಪೇಟೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲು ತೋರಿಸಬಹುದು. ಹೆಚ್ಚಿನ ಪರೀಕ್ಷೆಗೆ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಇವೆ. ಸಿಫಿಲಿಸ್ ಪತ್ತೆಗೆ ವಿ.ಡಿ.ಆರ್.ಎಲ್. ಮುಂತಾದ ರಕ್ತಪರೀಕ್ಷೆಗಳು ಸಾಕು. ಎಚ್‌ಐವಿ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಫಲಿತಾಂಶ ಗೋಪ್ಯವಾಗಿರಬೇಕು. ಇದು 2017ರ ಕಾಯಿದೆ ಕೊಟ್ಟಿರುವ ಹಕ್ಕು. ಮಾಹಿತಿಗಾಗಿ 1097 ಸಂಖ್ಯೆಗೆ ಹಣ ಕೊಡದೆ ಫೋನ್ ಮಾಡಬಹುದು.

ವೈದ್ಯರು ‘ಈ ಹಿಂದೆ ಹುಣ್ಣು, ಸ್ರಾವ, ಮೂತ್ರದಲ್ಲಿ ಉರಿ ಏನಾದರೂ ಇತ್ತೇ?’ ಎಂದು ಕೇಳಿದರೆ ಸತ್ಯ ಹೇಳಿ. ಅವರಿಗೆ ನಿಮ್ಮ ನಡತೆಯ ತೀರ್ಪು ಬೇಕಿಲ್ಲ, ರೋಗದ ಸುಳಿವು ಬೇಕು. ಸಂಗಾತಿಗೂ ಚಿಕಿತ್ಸೆಯಾಗದಿದ್ದರೆ ರೋಗ ಮರಳಿ ಬರುತ್ತದೆ. ಕಾಂಡೋಮ್ ಈ ಸೋಂಕುಗಳ ಅಪಾಯವನ್ನು ಬಹಳವಾಗಿ ತಗ್ಗಿಸುತ್ತದೆ ಎಂಬುದೂ ನೆನಪಿರಲಿ.

ತಂದೆ ತಾಯಂದಿರಿಗೆ ಒಂದು ಮಾತು

ಮಗನೋ ಮಗಳೋ ಇಂಥ ವಿಷಯ ಹೇಳಿಕೊಂಡು ನಿಮ್ಮ ಮುಂದೆ ನಿಂತರೆ ಸಿಟ್ಟು ಬರುವುದು ಸಹಜ. ಆದರೆ ಅಂದು ನೀವು ಕೂಗಾಡಿದರೆ ನಾಳೆ ಅವರು ಬಾಯಿ ಬಿಡುವುದಿಲ್ಲ, ಮೆಡಿಕಲ್ ಶಾಪಿನ ಮುಂದೆ ನಿಲ್ಲುತ್ತಾರೆ. ಹದಿನೆಂಟು ತುಂಬದ ಮಕ್ಕಳಲ್ಲಿ ಇಂಥ ರೋಗ ಕಂಡರೆ ಅದರ ಹಿಂದೆ ದೊಡ್ಡವರ ಅನ್ಯಾಯ ಇರಬಹುದು. ಮಗುವನ್ನು ಗದರದೆ, ನಂಬಿ ಕೇಳಿ. ಮಕ್ಕಳ ಸಹಾಯವಾಣಿ 1098 ಇದೆ. ಹುಟ್ಟಿನಿಂದಲೇ ತಾಯಿಯ ಮೂಲಕ ಬಂದ ಸಿಫಿಲಿಸ್ ಕೂಡ ಶಾಲೆಗೆ ಹೋಗುವ ವಯಸ್ಸಿನಲ್ಲಿ ಕಣ್ಣಿನ ತೊಂದರೆಯಾಗಿ ಕಾಣಿಸಿಕೊಳ್ಳುವುದುಂಟು. ಅದರಲ್ಲಿ ಮಗುವಿನ ತಪ್ಪೇನಿದೆ?

ಮಾತಾಡುವುದಾದರೆ ಬೇಗ ಮಾತಾಡಬೇಕು. ನಾಚಿಕೆ ನಾಲ್ಕು ದಿನದ್ದು. ಕಣ್ಣು ಬಾಳಿನುದ್ದಕ್ಕೂ ಬೇಕು.