ನಾಯಿಯ ಹಲ್ಲು ಸವೆದಿದೆಯೇ? ಮುದಿಯೆಂದು ಕೈಬಿಡುವ ಮುನ್ನ...

ಜಹೀರಾಬಾದ್: ದಾನಕ್ಕೆ ಬಂದ ಎತ್ತಿನ ಹಲ್ಲು ಎಣಿಸಬಾರದು ಎನ್ನುವ ಮಾತು ನಮ್ಮಲ್ಲಿದೆ. ಆದರೆ ಸಂತೆಯಲ್ಲಿ ದುಡ್ಡು ಕೊಟ್ಟು ಎತ್ತು ಕೊಳ್ಳುವ ರೈತ ಮೊದಲು ನೋಡುವುದೇ ಹಲ್ಲು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದೆ ಎಂದು ವಯಸ್ಸು ಹೇಳುವ ಲೆಕ್ಕ ಗಡಿಯ ಈಚೆಗೂ ಆಚೆಗೂ ಒಂದೇ. ಅದೇ ರೂಢಿಯಲ್ಲಿ ಬೀದಿಯಿಂದ ಮನೆಗೆ ತಂದ ನಾಯಿಯ ಬಾಯಿಯನ್ನೂ ನೋಡುತ್ತೇವೆ. ಕೋರೆಹಲ್ಲು ಮೊಂಡಾಗಿದ್ದರೆ, ಮುಂಹಲ್ಲು ಒಸಡಿನ ಮಟ್ಟಕ್ಕೆ ಸವೆದಿದ್ದರೆ "ಇದು ಮುದಿ ನಾಯಿ, ಇನ್ನೆಷ್ಟು ದಿನ ಬದುಕೀತು" ಎಂದು ಕೈಬಿಡುವವರೇ ಹೆಚ್ಚು.

ಎತ್ತಿನ ಈ ಲೆಕ್ಕ ನಾಯಿಗೆ ಹೊಂದುವುದಿಲ್ಲ. ಮೂರು-ನಾಲ್ಕು ವರ್ಷದ, ಇನ್ನೂ ಅಷ್ಟೇ ವರ್ಷ ಸುಖವಾಗಿ ಬದುಕಬಲ್ಲ ನಾಯಿಯ ಹಲ್ಲೂ ಪೂರ್ತಿ ಸವೆದಿರಬಹುದು. ಹಲ್ಲಿನ ಸವೆತ ನಾಯಿಯ ವಯಸ್ಸಿಗಿಂತ ಹೆಚ್ಚಾಗಿ ಅದು ಬಾಳಿದ ರೀತಿಯನ್ನು ಹೇಳುತ್ತದೆ.

ಎರಡರ ಹಲ್ಲಿಗೂ ಇರುವ ವ್ಯತ್ಯಾಸ

ದನಗಳಲ್ಲಿ ಹಾಲುಹಲ್ಲು ಬಿದ್ದು ಕಾಯಂ ಹಲ್ಲು ಬರುವುದು ಸುಮಾರು ಎರಡು ವರ್ಷಕ್ಕೆ ಶುರುವಾಗಿ ನಾಲ್ಕೈದು ವರ್ಷದವರೆಗೆ ಜೋಡಿ ಜೋಡಿಯಾಗಿ ನಡೆಯುತ್ತದೆ. ಹಾಗಾಗಿ ಹಲ್ಲು ಎಣಿಸಿದರೆ ವಯಸ್ಸು ಸಿಗುತ್ತದೆ. ನಾಯಿಮರಿಗೆ 28 ಹಾಲುಹಲ್ಲು. ಅವು ಬಿದ್ದು 42 ಕಾಯಂ ಹಲ್ಲುಗಳು ಬರುವ ಕೆಲಸ ಆರೇಳು ತಿಂಗಳಿಗೇ ಮುಗಿಯುತ್ತದೆ. ಆಮೇಲೆ ಎಣಿಸಲು ಏನೂ ಉಳಿಯುವುದಿಲ್ಲ, ಸವೆತವೊಂದೇ ಕಾಣುತ್ತದೆ. ಆ ಸವೆತ ಒಂದು ನಾಯಿಯಿಂದ ಇನ್ನೊಂದಕ್ಕೆ ಬಹಳ ಬೇರೆ. ನಾಯಿಯ ಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮೆಲ್, ಮನುಷ್ಯರದ್ದಕ್ಕಿಂತ ತೆಳು. ಅದು ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ.

ಆದ್ದರಿಂದ "ಎಷ್ಟು ಸವೆದಿದೆ" ಎನ್ನುವುದಕ್ಕಿಂತ "ಯಾವ ಹಲ್ಲು, ಅದರ ಯಾವ ಬದಿ ಸವೆದಿದೆ" ಎಂದು ನೋಡಬೇಕು. ಕಾರಣ ಅಲ್ಲೇ ಸಿಗುತ್ತದೆ.

ಸರಪಳಿಯ ಗುರುತು

ಕೋರೆಹಲ್ಲಿನ ಹಿಂಬದಿ ಮಾತ್ರ ಅರದಿಂದ ಉಜ್ಜಿದಂತೆ ಸವೆದಿದ್ದರೆ ಆ ನಾಯಿ ಸರಪಳಿಯನ್ನೋ ಗೂಡಿನ ಕಂಬಿಯನ್ನೋ ಕಚ್ಚಿ ಎಳೆಯುತ್ತಿತ್ತು ಎಂದು ಊಹಿಸಬಹುದು. ತಾಂಡೂರಿನ ಕಲ್ಲಿನ ಪಾಲಿಶ್ ಘಟಕವಾಗಲಿ, ಜಹೀರಾಬಾದಿನ ಹೆದ್ದಾರಿ ಢಾಬಾವಾಗಲಿ, ನಾರಾಯಣಖೇಡದ ಹೊಲದ ಶೆಡ್ಡಾಗಲಿ, ಕಾವಲಿಗೆಂದು ಹಗಲು-ರಾತ್ರಿ ಕಟ್ಟಿಹಾಕಿದ ನಾಯಿಗೆ ಇದು ಬರಬಹುದು. ಹೀಗೆ ಸವೆದ ಕೋರೆಹಲ್ಲು ಬುಡದಲ್ಲಿ ತೆಳುವಾಗಿ ಒಂದು ದಿನ ಮುರಿದೇ ಹೋಗುತ್ತದೆ.

ಇದು ಕಾನೂನಿನ ವಿಷಯವೂ ಹೌದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟುವುದು ಅಪರಾಧ. ಸದಾ ಕಟ್ಟಿಹಾಕುವ ನಾಯಿಯನ್ನು ಬಿಟ್ಟು ಓಡಾಡಿಸದೆ ಇರುವುದೂ ಅಪರಾಧವೇ.

ತುರಿಕೆಯ ಗುರುತು

ಮುಂಭಾಗದ ಪುಟ್ಟ ಹಲ್ಲುಗಳು ಮಾತ್ರ ಸಮತಟ್ಟಾಗಿದ್ದು ಕೋರೆ ಹಾಗೂ ದವಡೆ ಹಲ್ಲು ಚೆನ್ನಾಗಿದ್ದರೆ ನಾಯಿಯ ಚರ್ಮ ನೋಡಿ. ಚಿಗಟ, ಉಣ್ಣೆ, ಕಜ್ಜಿ ಇರುವ ನಾಯಿ ತನ್ನ ಬೆನ್ನು, ಬಾಲದ ಬುಡ, ಕಾಲುಗಳನ್ನು ಮುಂಹಲ್ಲಿನಿಂದ ಜೋಳದ ತೆನೆ ಕಡಿದಂತೆ ಕಡಿಯುತ್ತಲೇ ಇರುತ್ತದೆ. ಕೂದಲಲ್ಲಿ ಮಣ್ಣು ಮರಳು ತುಂಬಿರುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಹಲ್ಲು ಒಸಡಿಗೆ ಬರುತ್ತದೆ. ಇಲ್ಲಿ ಔಷಧ ಬೇಕಿರುವುದು ಮೊದಲು ಚರ್ಮಕ್ಕೆ.

ಕಲ್ಲು, ಎಲುಬು, ಚೆಂಡು

ಎಲ್ಲ ಹಲ್ಲುಗಳ ತುದಿಯೂ ಒಂದೇ ಸಮ ಚಪ್ಪಟೆಯಾಗಿದ್ದರೆ ಗಟ್ಟಿ ವಸ್ತು ಕಡಿಯುವ ಚಾಳಿ ಇದೆ ಎಂದರ್ಥ. ಹಸಿವು, ಬೇಸರ, ಹೊಟ್ಟೆಯ ತೊಂದರೆಗಳಿಂದ ಕಲ್ಲು ಕಡಿಯುವ ನಾಯಿಗಳಿವೆ. ನಮ್ಮ ಭಾಗದಲ್ಲಿ ಕಲ್ಲಿಗೇನು ಕೊರತೆ! ದನದ ದಪ್ಪ ಎಲುಬು ಹಲ್ಲನ್ನು ಸವೆಸುವುದಷ್ಟೇ ಅಲ್ಲ, ದವಡೆಯ ದೊಡ್ಡ ಹಲ್ಲನ್ನು ಸೀಳಿಯೂ ಬಿಡುತ್ತದೆ. ಹುಡುಗರು ಕ್ರಿಕೆಟ್ ಆಡುವ ಟೆನಿಸ್ ಚೆಂಡು ಮೆತ್ತಗೆ ಕಂಡರೂ ಅದರ ಜುಂಗಿನಲ್ಲಿ ಧೂಳು ಮರಳು ಸೇರಿದರೆ ಉಪ್ಪುಕಾಗದದಂತೆ ಹಲ್ಲನ್ನು ತಿಕ್ಕುತ್ತದೆ.

ಮೇಲಿನ ಕೆಳಗಿನ ದವಡೆ ಸರಿಯಾಗಿ ಕೂಡದ ನಾಯಿಗಳಲ್ಲಿ ಹಲ್ಲಿಗೆ ಹಲ್ಲೇ ತಾಗಿ ಸವೆಯುವುದೂ ಉಂಟು. ಹುಟ್ಟಿನಿಂದ ಬಂದದ್ದಿರಬಹುದು, ವಾಹನ ಬಡಿದು ದವಡೆ ಮುರಿದು ವಕ್ರವಾಗಿ ಕೂಡಿದ್ದಿರಬಹುದು.

ಮರಿಯಾಗಿದ್ದಾಗಲೇ ಕೆಟ್ಟ ಹಲ್ಲು

ಕಾಯಂ ಹಲ್ಲಿನ ಎನಾಮೆಲ್ ತಯಾರಾಗುವುದು ಮರಿಗೆ ಮೂರು-ನಾಲ್ಕು ತಿಂಗಳಾಗುವುದರೊಳಗೆ, ಒಸಡಿನ ಒಳಗೆ. ಆ ಸಮಯದಲ್ಲಿ ಡಿಸ್ಟೆಂಪರ್ ರೋಗ ಅಥವಾ ವಿಪರೀತ ಜ್ವರ ಬಂದರೆ ಎನಾಮೆಲ್ ಅರ್ಧಕ್ಕೇ ನಿಲ್ಲುತ್ತದೆ. ಬದುಕಿ ಉಳಿದ ಮರಿಗೆ ಮುಂದೆ ಬರುವ ಹಲ್ಲುಗಳು ಕಂದು ಬಣ್ಣದ ಪಟ್ಟೆ, ಗುಳಿಗಳಿಂದ ಕೂಡಿ ಬೇಗ ಉದುರುಪುಡಿಯಾಗುತ್ತವೆ. ಲಸಿಕೆ ಕಾಣದ ಬೀದಿ ಮರಿಗಳಲ್ಲಿ ಈ ಕಾರಣವನ್ನು ಮರೆಯಬಾರದು.

ನೀರಿನ ಕಡೆಗೂ ಒಂದು ಕಣ್ಣಿರಲಿ. ತೆಲಂಗಾಣದ ನಲ್ಗೊಂಡ ಭಾಗದಲ್ಲಿ ಅಂತರ್ಜಲದ ಫ್ಲೋರೈಡ್ ಜನರ ಹಲ್ಲು, ಮೂಳೆಗಳನ್ನು ಕೆಡಿಸಿದ್ದು ಎಲ್ಲರಿಗೂ ಗೊತ್ತು. ಫ್ಲೋರೈಡ್ ಹೆಚ್ಚಿದ ನೀರು ಕುಡಿದ ದನಗಳ ಹಲ್ಲೂ ಕಲೆಯಾಗಿ ಬೇಗ ಸವೆಯುತ್ತದೆ. ನಿಮ್ಮೂರಿನಲ್ಲಿ ನಾಯಿಗೆ ಮಾತ್ರವಲ್ಲದೆ ಮಕ್ಕಳಿಗೂ ದನಗಳಿಗೂ ಹಲ್ಲಿನ ಮೇಲೆ ಕಂದು ಕಲೆ ಇದ್ದರೆ ಬೋರ್‌ವೆಲ್ ನೀರು ಪರೀಕ್ಷೆಗೆ ಕೊಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರಬಾರದು.

ಕಂದು ಚುಕ್ಕೆಯೋ, ಕಪ್ಪು ತೂತೋ?

ಸವೆದ ಹಲ್ಲೆಲ್ಲ ನೋಯುವುದಿಲ್ಲ. ಸವೆತ ನಿಧಾನವಾಗಿದ್ದರೆ ಹಲ್ಲು ಒಳಗಿನಿಂದ ಹೊಸ ಪದರ ಕಟ್ಟಿ ನರವನ್ನು ಮುಚ್ಚಿಕೊಳ್ಳುತ್ತದೆ. ಆಗ ಹಲ್ಲಿನ ನಡುವೆ ನುಣುಪಾದ, ಗಟ್ಟಿಯಾದ ಕಂದು ಚುಕ್ಕೆ ಕಾಣುತ್ತದೆ. ಇದಕ್ಕೆ ಬಹುಪಾಲು ಚಿಕಿತ್ಸೆ ಬೇಡ, ಆಗಾಗ ನೋಡಿಕೊಂಡರೆ ಸಾಕು. ಸವೆತ ವೇಗವಾಗಿದ್ದರೆ ಪದರ ಕಟ್ಟಲು ಸಮಯ ಸಿಗದೆ ನಡುವೆ ಕೆಂಪು ಚುಕ್ಕೆ ಅಥವಾ ಕಪ್ಪು ತೂತು ಬೀಳುತ್ತದೆ. ಅಲ್ಲಿಂದ ಸೋಂಕು ಬೇರಿಗಿಳಿದು ಕೀವಾಗುತ್ತದೆ. ಕಣ್ಣಿನ ಕೆಳಗೆ ಊತ, ಒಂದೇ ಬದಿಯಲ್ಲಿ ಅಗಿಯುವುದು, ರೊಟ್ಟಿ ಬಾಯಿಂದ ಬೀಳುವುದು, ಬಾಯಿ ದುರ್ವಾಸನೆ, ಮುಖ ಮುಟ್ಟಿದರೆ ಗುರ್ ಎನ್ನುವುದು ಇದರ ಲಕ್ಷಣಗಳು. ನೋವಿದ್ದರೂ ನಾಯಿ ಉಣ್ಣುವುದನ್ನು ಬಿಡುವುದು ಅಪರೂಪ. ಆದ್ದರಿಂದ "ಉಣ್ಣುತ್ತಿದೆಯಲ್ಲ, ಏನೂ ಆಗಿಲ್ಲ" ಎನ್ನಬೇಡಿ. ಇಂತಹ ಹಲ್ಲಿಗೆ ಅರಿವಳಿಕೆ ಕೊಟ್ಟು ಕೀಳುವುದು ಅಥವಾ ಬೇರಿನ ಚಿಕಿತ್ಸೆ, ಎರಡೇ ದಾರಿ.

ಏನು ಮಾಡಬೇಕು?

ನಾಯಿಯನ್ನು ಊರಿನ ಪಶು ಆಸ್ಪತ್ರೆಗೆ ತೋರಿಸಿ. ಹೆಚ್ಚಿನ ತಪಾಸಣೆ ಬೇಕಾದರೆ ಜಹೀರಾಬಾದ್, ನಾರಾಯಣಖೇಡದವರಿಗೆ ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜು ಹತ್ತಿರ. ತಾಂಡೂರಿನವರು ಹೈದರಾಬಾದಿನ ರಾಜೇಂದ್ರನಗರದ ಕಾಲೇಜಿಗೆ ಹೋಗಬಹುದು. ವೈದ್ಯರಿಗೆ ತೆಲುಗಿನಲ್ಲಿ ಹೇಳಬೇಕಾದರೆ "ಪಳ್ಳು ಅರಿಗಿಪೋಯಾಯಿ" ಎಂದಷ್ಟೇ ಹೇಳಿ ನಿಲ್ಲಬೇಡಿ. ಗಜ್ಜಿ ಇದೆಯೇ, ಗೊಲುಸು ಕಚ್ಚುತ್ತದೆಯೇ, ಕಲ್ಲು ಕಡಿಯುತ್ತದೆಯೇ ಎಂಬುದನ್ನೂ ತಿಳಿಸಿ. ವಯಸ್ಸು ಅಂದಾಜು ಮಾಡಲು ಅವರು ಕಣ್ಣು, ಕೂದಲು, ಮೈಕಟ್ಟು ಎಲ್ಲವನ್ನೂ ನೋಡುತ್ತಾರೆ.

ಮನೆಯಲ್ಲಿ ಒಣಗಿದ ಜೋಳದ ರೊಟ್ಟಿಯನ್ನು ಸಾರಿನಲ್ಲೋ ನೀರು ಮಜ್ಜಿಗೆಯಲ್ಲೋ ನೆನೆಸಿ ಕೊಡಿ. ದಪ್ಪ ಎಲುಬು, ಕಲ್ಲು, ಕೊಳೆ ಚೆಂಡು ದೂರವಿಡಿ. ಸರಪಳಿ ಬಿಚ್ಚಿ ದಿನಕ್ಕೆರಡು ಸಲ ಓಡಾಡಿಸಿ. ಮನೆಯಲ್ಲಿರುವ ನೋವಿನ ಮಾತ್ರೆ ಮಾತ್ರ ಕೊಡಬೇಡಿ. ಐಬುಪ್ರೊಫೇನ್, ಪ್ಯಾರಾಸಿಟಮಾಲ್ ನಾಯಿಗೆ ವಿಷವಾಗಬಹುದು.

ಕೊನೆಗೆ ಒಂದು ಎಚ್ಚರಿಕೆ. ಹೊಸದಾಗಿ ತಂದ, ಲಸಿಕೆ ಆಗದ ನಾಯಿಯ ಬಾಯಿಗೆ ನೀವೇ ಕೈ ಹಾಕಬೇಡಿ. ಅದು ತುಟಿ ಎತ್ತಿದಾಗ, ಆಕಳಿಸಿದಾಗ ದೂರದಿಂದ ನೋಡಿದರೆ ಸಾಕು. "ಹಲ್ಲೇ ಇಲ್ಲದ ನಾಯಿ ಕಚ್ಚಿದರೆ ಏನಾಗುತ್ತೆ" ಎಂಬ ಮಾತು ಪ್ರಾಣಕ್ಕೇ ಎರವಾದೀತು. ರೇಬೀಸ್ ಇರುವುದು ಜೊಲ್ಲಿನಲ್ಲಿ, ಹಲ್ಲಿನ ಮೊನೆಯಲ್ಲಲ್ಲ. ಮೊಂಡು ಹಲ್ಲು ತರಚಿದರೂ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಳಿದ ಎಲ್ಲ ಚುಚ್ಚುಮದ್ದು ಪೂರ್ತಿ ಮಾಡಿಸಿಕೊಳ್ಳಿ. ಹೊಟ್ಟೆಗೆ ಸಾಲು ಇಂಜೆಕ್ಷನ್ ಚುಚ್ಚುವ ಕಾಲ ಹೋಗಿ 20 ವರ್ಷವಾಯಿತು, ಈಗ ತೋಳಿಗೆ ಕೊಡುತ್ತಾರೆ. ನಾಯಿಗೂ ರೇಬೀಸ್ ಲಸಿಕೆ ಹಾಕಿಸಿ. ಹಲ್ಲು ಹೋದರೂ ಅದು ಮನೆ ಕಾಯುವುದನ್ನು ಬಿಡುವುದಿಲ್ಲ.