ಎಣ್ಣಿ ಕೊಳ್ಳೋರು ಒಬ್ಬರು, ಬೆನ್ನಿಗೆ ಹೊರೋರು ಇನ್ನೊಬ್ಬರು

ಬೀದರ್‌ನಿಂದ ಇನ್ನೊಂದು ಸಂಚಿಕೆ ತಗೊಂಡು ಬಂದೀನಿ. ಇವತ್ತಿನ ಮಾತು ಹೊಲದ್ದು.

ಬೀದರ್ ಸಿಟಿಯಲ್ಲಿ ರಾಸಾಯನಿಕದ ಅಪಾಯ ಅಂದ ಕೂಡಲೇ ಎಲ್ಲರ ಬೆರಳೂ ಕೊಳಾರ ಕೈಗಾರಿಕಾ ಪ್ರದೇಶದ ಕಡೆ ತಿರುಗುತ್ತೆ. ತಿರುಗಲಿ, ತಪ್ಪಿಲ್ಲ. ಆದ್ರೆ ಭಾಲ್ಕಿ, ಔರಾದ್ ಕಡೆ ಸೋಯಾ, ಉದ್ದು, ತೊಗರಿ ಹೊಲದಾಗ 16 ಲೀಟರ್ ಪಂಪ್ ಬೆನ್ನಿಗೆ ಹಾಕ್ಕೊಂಡು ದಿನವಿಡೀ ಎಣ್ಣಿ ಹೊಡಿಯೋ ಕೂಲಿಯವರೂ ರಾಸಾಯನಿಕ ಕಾರ್ಮಿಕರೇ. ನಾವು ಹಾಗೆ ಕರೆಯೋದಿಲ್ಲ ಅಷ್ಟೇ. ವಿಷಕ್ಕೇ 'ಎಣ್ಣಿ', 'ಔಷಧ' ಅಂತ ಹೆಸರಿಟ್ಟವರು ನಾವು.

ಭೋಪಾಲ್ ದುರಂತ ಆಗಿದ್ದು 1984ರಲ್ಲಿ. ಅದರ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಯಾವ ರಾಸಾಯನಿಕದಿಂದ ಏನು ಅಪಾಯ ಅಂತ ಕಾರ್ಮಿಕರಿಗೆ ತಿಳಿಸಬೇಕು, ಅವರ ಆರೋಗ್ಯದ ದಾಖಲೆ ಇಡಬೇಕು ಅಂತ ಆಯ್ತು. ಹೊಲಕ್ಕೆ ಕಾನೂನೇ ಇಲ್ಲ ಅಂತಲ್ಲ. 1971ರ ಕೀಟನಾಶಕ ನಿಯಮಗಳ ಪ್ರಕಾರ ಸಿಂಪಡಿಸುವವರಿಗೂ ವಿಷ ಒಳಗಿಳಿಯದಂಥ, ತೊಳೆಯಲು ಬರುವಂಥ ರಕ್ಷಣಾ ಉಡುಪು ಇರಬೇಕು. ಆದ್ರೆ ಹೊಲಕ್ಕೆ ಗೇಟ್ ಇಲ್ಲ, ಹಾಜರಿ ಪುಸ್ತಕ ಇಲ್ಲ. ಪಂಪಿಗೆ ಇಷ್ಟು ಅಂತ ಬಾಯಿಮಾತಲ್ಲೇ ಕೂಲಿ ಮುಗಿಯುತ್ತೆ. ಜಾಸ್ತಿ ಪಂಪ್ ಹೊಡೆದರೆ ಜಾಸ್ತಿ ದುಡ್ಡು. ಅಂದ್ರೆ ಈ ಲೆಕ್ಕದಲ್ಲಿ ಅವಸರಕ್ಕೆ ಪಗಾರ ಇದೆ, ಎಚ್ಚರಿಕೆಗೆ ಇಲ್ಲ. ನಾನು ಕಾಮರ್ಸ್ ಓದಿದವನು, ಮೊದಲು ಕಾಣೋದು ಇದೇ.

ಇದು ಎಲ್ಲಿಗೆ ಮುಟ್ಟುತ್ತೆ ಅಂತ ಮಹಾರಾಷ್ಟ್ರದ ಯವತ್ಮಾಳ್ ತೋರಿಸಿದೆ. 2017ರಲ್ಲಿ ಅಲ್ಲಿ ಹತ್ತಿ ಹೊಲಗಳಲ್ಲಿ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಹತ್ತಿ ಗಿಡ ಆಳೆತ್ತರ ಬೆಳೆದಿತ್ತು, ಹೊಡೆದ ವಿಷ ಮುಖ ಮೈಮೇಲೇ ಬೀಳುತ್ತಿತ್ತು. ನಮ್ಮ ತೊಗರಿ ನೆನಪು ಮಾಡ್ಕೊಳ್ರಿ. ಕಾಯಿಕೊರಕಕ್ಕೆ ಎಣ್ಣಿ ಹೊಡೆಯೋ ಹೊತ್ತಿಗೆ ಅದೂ ಎದೆಮಟ್ಟ, ತಲೆಮಟ್ಟ ಇರುತ್ತೆ.

ವಿಷ ಬರೀ ಮೂಗಿನಿಂದ ಹೋಗುತ್ತೆ ಅಂತ ತಿಳ್ಕೊಂಡಿದ್ದೀವಿ. ಸಿಂಪಡಣೆಯಲ್ಲಿ ಹೆಚ್ಚು ಹೋಗೋದು ಚರ್ಮದಿಂದ. ಸೋರುವ ಪಂಪಿನಿಂದ ಬೆನ್ನು ನೆನೆಯುತ್ತೆ, ಒದ್ದೆ ಬೆಳೆಯಿಂದ ತೊಡೆ ನೆನೆಯುತ್ತೆ. ಬಾಯಿಗೆ ಕಟ್ಟಿದ ಟವೆಲ್ ನೆನೆದರೆ ಅದು ವಿಷವನ್ನ ಮುಖಕ್ಕೇ ಒತ್ತಿ ಹಿಡಿಯುತ್ತೆ. ಎಲ್ಲಕ್ಕಿಂತ ಅಪಾಯದ ಹೊತ್ತು ಎಣ್ಣಿ ಕಲಿಸುವಾಗ. ಲೀಟರ್ ನೀರಿಗೆ 2 ಎಂ.ಎಲ್. ಅಂದ್ರೆ ಬಾಟಲಿಯಲ್ಲಿ ಇರೋದು ಸುಮಾರು 500 ಪಟ್ಟು ಗಟ್ಟಿ. ಕೈಮೇಲೆ ಬಿದ್ದ ಆ ಒಂದು ಹನಿ, ಪಂಪಿನ 500 ಹನಿಗೆ ಸಮ.

ಮೊನೋಕ್ರೋಟೋಫಾಸ್, ಪ್ರೊಫೆನೋಫಾಸ್‌ನಂಥ ರಂಜಕ ಗುಂಪಿನ ಕೀಟನಾಶಕಗಳು ನರಗಳ 'ಸ್ವಿಚ್' ಆಫ್ ಮಾಡುವ ಕಿಣ್ವವನ್ನೇ ಕಟ್ಟಿಹಾಕ್ತಾವೆ. ನರ ಆನ್ ಆಗೇ ಉಳಿಯುತ್ತೆ. ಬೆವರು, ವಾಂತಿ, ಸ್ನಾಯು ಅದುರೋದು, ಕೊನೆಗೆ ಉಸಿರಾಟಕ್ಕೇ ಕುತ್ತು. ಕಿಣ್ವ ಮತ್ತೆ ತುಂಬಿಕೊಳ್ಳೋಕೆ ವಾರಗಟ್ಟಲೆ ಬೇಕು. ಅದಕ್ಕೇ ದಿನಾ ಸ್ವಲ್ಪ ಸ್ವಲ್ಪ ತಗುಲಿದರೂ ಒಂದಿನ ಖಾತೆ ಬರಿದಾಗುತ್ತೆ. 'ನಿನ್ನೆನೂ ಹೊಡೆದಿದ್ದೆ, ಏನೂ ಆಗಲಿಲ್ಲ' ಅನ್ನೋದು ಭರವಸೆ ಅಲ್ಲ.

ಹಾಗಾದ್ರೆ ರಕ್ಷಣೆ ಎಲ್ಲಿಂದ ಶುರು? ಮಾಸ್ಕ್‌ನಿಂದ ಅಲ್ಲ, ಅದು ಕೊನೆಯ ಮೆಟ್ಟಿಲು. ಮೊದಲನೇದು, ಹೊಡೆಯೋ ಅವಶ್ಯಕತೆ ಇದೆಯಾ ಅಂತ ನೋಡೋದು. ಮೋಹಕ ಬಲೆ ಹಾಕಿ, ಹುಳ ಎಷ್ಟಿದೆ ಅಂತ ಎಣಿಸಿ ನಿರ್ಧರಿಸಬಹುದು. ರೈತ ಸಂಪರ್ಕ ಕೇಂದ್ರದಲ್ಲಿ ಕೇಳ್ರಿ. ಎರಡನೇದು, ಕಡಿಮೆ ವಿಷದ್ದನ್ನ ಆರಿಸೋದು. ಡಬ್ಬಿ ಮೇಲಿನ ತ್ರಿಕೋನ ನೋಡ್ರಿ: ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕಾಯಿಕೊರಕಕ್ಕೆ ಹಸಿರು ತ್ರಿಕೋನದ ಕ್ಲೋರಾಂಟ್ರಾನಿಲಿಪ್ರೋಲ್ ಇದೆ. ಮೂರನೇದು, ಸೋರದ ಪಂಪ್. ನಾಲ್ಕನೇದು, ಗಾಳಿಗೆ ಎದುರಾಗಿ ಹೊಡೆಯದಿರೋದು, ಹೊಡೆದ ಹೊಲಕ್ಕೆ ಕಳೆ ತೆಗೆಯೋಕೆ ಹೆಣ್ಣುಮಕ್ಕಳನ್ನ ಕೂಡಲೇ ಇಳಿಸದಿರೋದು. ಇಷ್ಟಾದ ಮೇಲೆ ರಬ್ಬರ್ ಕೈಗವಸು, ಬೂಟು, ಕನ್ನಡಕ, ಮಾಸ್ಕ್.

ಈ ಪಟ್ಟಿ ಇನ್ನೊಮ್ಮೆ ನೋಡ್ರಿ. ಮೊದಲ ಮೂರೂ ಪಂಪ್ ಹೊರೋ ಮನುಷ್ಯನ ಕೈಯಲ್ಲಿಲ್ಲ. ಅವು ಅಂಗಡಿಯಲ್ಲೇ, ಹೊಲದ ಮಾಲೀಕರು ದುಡ್ಡು ಕೊಡುವಾಗಲೇ ತೀರ್ಮಾನ ಆಗ್ತಾವೆ. ಕೆಂಪು ತ್ರಿಕೋನದ ಡಬ್ಬಿ ಅಗ್ಗ ಅನಿಸಿದರೆ, ಉಳಿದ ದುಡ್ಡು ಮಾಲೀಕರ ಪುಸ್ತಕಕ್ಕೆ ಹೋಗುತ್ತೆ, ಆಸ್ಪತ್ರೆ ಖರ್ಚು ಕೂಲಿಯವರ ಮನೆಗೆ ಹೋಗುತ್ತೆ. 'ಅವರೇ ಗ್ಲೌಸ್ ಹಾಕ್ಕೊಳ್ಳಲ್ಲ' ಅನ್ನೋ ಮುಂಚೆ, ಕೊಡಿಸಿದ್ದೀವಾ ಅಂತ ಕೇಳ್ಕೋಬೇಕು. ಬೀಜ, ಗೊಬ್ಬರದ ಖರ್ಚಿನ ಸಾಲಿನಲ್ಲೇ ಕೈಗವಸು, ಸಾಬೂನಿನ ಖರ್ಚೂ ಬರೀರಿ.

ಇನ್ನು, ಹೊಲದಲ್ಲೇ ಯಾರಾದ್ರೂ ಕುಸಿದರೆ 'ಬಿಸಿಲು ಬಡಿದೈತಿ' ಅಂತ ನೆರಳಿಗೆ ಮಲಗಿಸಿ ಸುಮ್ಮನಾಗಬೇಡ್ರಿ. ಬಿಸಿಲಿಗೆ ಬಾಯಿ ಒಣಗುತ್ತೆ. ಈ ವಿಷಕ್ಕೆ ಜೊಲ್ಲು, ಕಣ್ಣೀರು ಸುರಿಯುತ್ತೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತೆ. ನೀವು ಕೈಗವಸು ಹಾಕ್ಕೊಂಡೇ ಅವರ ಬಟ್ಟೆ ಕಳಚಿ, ಸಾಬೂನು ನೀರಿನಿಂದ ಮೈ ತೊಳೀರಿ. ಹಾಲು, ತುಪ್ಪ ಕುಡಿಸಬೇಡ್ರಿ, ವಾಂತಿ ಮಾಡಿಸಬೇಡ್ರಿ. 108ಕ್ಕೆ ಕರೆ ಮಾಡಿ, ಎಣ್ಣಿ ಡಬ್ಬಿಯನ್ನ ಜೊತೆಗೇ ಒಯ್ಯಿರಿ. ರಂಜಕ ಗುಂಪಿನ ವಿಷಕ್ಕೆ ಅಟ್ರೋಪಿನ್ ಇದೆ. ಕಳೆನಾಶಕ ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ. ಯಾವುದು ಹೋಗಿದೆ ಅಂತ ಡಾಕ್ಟರಿಗೆ ಗೊತ್ತಾಗೋದು ಆ ಡಬ್ಬಿಯಿಂದಲೇ. ಔರಾದ್‌ನಿಂದಾಗಲಿ, ಭಾಲ್ಕಿಯಿಂದಾಗಲಿ ಬೀದರ್‌ನ ಬ್ರಿಮ್ಸ್ ಆಸ್ಪತ್ರೆ ಸುಮಾರು 40 ಕಿ.ಮೀ. ದೂರ. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ.

ನಿಮ್ಮ ಮನೆಯಲ್ಲಿ ಎಣ್ಣಿ ತರೋರು ಯಾರೋ, ಅವರಿಗೆ ಈ ಸಂಚಿಕೆ ಕೇಳಿಸ್ರಿ. ಮತ್ತೆ ಸಿಗೋಣ, ಶರಣು.